ಇಪ್ಪತ್ತೊಂಬತ್ತರ ಅಳತೆ

ರಾಯದುರ್ಗ
10 ಡಿಸೆಂಬರ್ 1990

ತಮ್ಮ ತಿಮ್ಮರಾಜು,

ನಿನ್ನ ಅಕ್ಕ ಆದಿಲಕ್ಷ್ಮಿ ಬರೆಯುತ್ತಿದ್ದೇನೆ. ಎರಡು ವರ್ಷವಾಯಿತು, ನಾನು ನಿನಗೊಂದು ಕಾರ್ಡು ಹಾಕಿಲ್ಲ, ನೀನೂ ಹಾಕಿಲ್ಲ. ಆ ಮಾತು ಈಗ ಬೇಡ.

ನನ್ನ ನಾದಿನಿ ಹೇಮಾ ಹೋದ ಮಂಗಳವಾರ ಹೊಲಿಗೆ ಮಿಷಿನ್ನಿನ ಮೇಲೆಯೇ ಮುಖ ಅಡಿಯಾಗಿ ಬಿದ್ದಳು. ನಮ್ಮ ಮನೆಯವರು ಕಟಿಂಗ್ ಮಾಸ್ಟರ್ ಆಗಿರುವ ಪ್ಯಾಂಟಿನ ಶೆಡ್ಡಿನಲ್ಲೇ ಅವಳೂ ನಾನೂ ಹೊಲಿಯುವುದು ನಿನಗೆ ಗೊತ್ತು. ಸೊಂಟಪಟ್ಟಿ ಹಚ್ಚುವುದರಲ್ಲಿ ಅವಳ ಕೈಗೆ ಸಮನಾದ ಕೈ ಅಲ್ಲಿಲ್ಲ. ಎತ್ತಿ ಕೂರಿಸಿದಾಗ ತುಟಿ ನೇರಳೆಹಣ್ಣು ತಿಂದವಳ ಹಾಗೆ ಆಗಿತ್ತು. ಬಳ್ಳಾರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕವಳಿದ್ದಾಗ ಕೀಲುಗಳೆಲ್ಲ ಬಾತು ಜ್ವರ ಬಂದಿತ್ತೇ ಎಂದು ನಮ್ಮತ್ತೆ ಓಬಮ್ಮನನ್ನು ವಿಚಾರಿಸಿದರು. ಬಂದಿತ್ತು. ಆ ಜ್ವರವೇ ಎದೆಯೊಳಗಿನ ಒಂದು ಬಾಗಿಲನ್ನು ತಿಂದುಹಾಕಿದೆಯಂತೆ. ಮುಂದಕ್ಕೆ ಹೋಗಬೇಕಾದ ರಕ್ತ ಹಿಂದಕ್ಕೆ ಬರುತ್ತಿದೆ. ಅದನ್ನು ತೆಗೆದು ಬೇರೆ ಹಾಕಬೇಕು, ಬೆಂಗಳೂರಿಗೆ ಹೋಗಿ ಎಂದು ಒಂದು ಆಸ್ಪತ್ರೆಯ ಹೆಸರು ಬರೆದುಕೊಟ್ಟರು. ನೀನು ಸ್ಟೋರ್ಸ್ ಗುಮಾಸ್ತನಾಗಿರುವ ಆಸ್ಪತ್ರೆಯೇ. ಚೀಟಿ ಓದಿದವಳು ನಾನು. ನಮ್ಮವರು ನನ್ನ ಮುಖ ನೋಡಿದರು.

ಬೇಡವೆಂದರೂ ಆ ಮಾತು ಬರುತ್ತದೆ. ಹೇಮಾಳನ್ನು ನಿನಗೆ ತರುವುದೆಂದು ಮಾತಾಗಿ, ತಾಂಬೂಲದ ದಿನ ಅಪ್ಪ ನಮ್ಮ ಅಂಗಳದಲ್ಲಿ ನಿಂತು, "ಎಲ್ಡು ಬಿಂದಿಗೆ ನೀರು ತರಾಕೇ ಏದುಸಿರು ಬಿಡ್ತಾಳೆ. ನಮ್ಮನೇಲಿ ರೇಷ್ಮೆ ಹುಳ ಸಾಕೋ ಕೆಲ್ಸ ಐತೆ. ಬ್ಯಾಡ ಈ ಸಂಬಂದ" ಎಂದರು. ಹೇಮಾ ಒಳಗಿನಿಂದ ಕೇಳಿಸಿಕೊಂಡಳು. ನೀನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಜನವರಿ ಎಂಟಕ್ಕೆ ಬರುತ್ತೇವೆ. ಯಾರನ್ನು ಕಾಣಬೇಕು, ಎಲ್ಲಿ ಹೆಸರು ಬರೆಸಬೇಕು, ಅಷ್ಟು ತಿಳಿಸು. ಹೆಚ್ಚಿಗೆ ಏನೂ ಬೇಡ.

ಅಕ್ಕ, ಆದಿಲಕ್ಷ್ಮಿ


ಬೆಂಗಳೂರು
24 ಜನವರಿ 1991

ಅಕ್ಕನಿಗೆ,

ನೀವು ಹೊರಟ ಮೇಲೆ ಡಾಕ್ಟರ್ ಚಂದ್ರಶೇಖರಯ್ಯನವರು ಹೇಮಾಳ ಪರೀಕ್ಷೆಯ ಕಾಗದಗಳನ್ನು ಇನ್ನೊಮ್ಮೆ ನೋಡಿದರು. ಆಪರೇಷನ್ ಆಗಲೇಬೇಕು, ಆದರೆ ನಾಳೆಯೇ ಎಂಬಷ್ಟು ಅವಸರವಿಲ್ಲ ಎಂದರು. ಮಾತ್ರೆ ತಪ್ಪಿಸಬಾರದು. ಉಪ್ಪು ಕಡಿಮೆ. ಮಿಷಿನ್ ತುಳಿಯುವುದು ಬೇಡವೇ ಬೇಡ.

ಎದೆಗೆ ಹಾಕುವ ಆ ಬಾಗಿಲು, ವಾಲ್ವ್, ಹೇಗಿರುತ್ತದೆ ಎಂದು ಕೇಳಿದ್ದೆಯಲ್ಲ. ಬೆಳ್ಳಗೆ ಹೊಳೆಯುವ ಲೋಹದ ಪುಟ್ಟ ಪಂಜರ. ಅದರೊಳಗೆ ಗೋಲಿಯಂಥ ಒಂದು ಉಂಡೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಬುಡದಲ್ಲಿ ಸುತ್ತಲೂ ಬಟ್ಟೆಯ ಅಂಚು. ಆ ಅಂಚನ್ನು ಹಿಡಿದೇ ಎದೆಗೆ ಹೊಲಿಯುತ್ತಾರೆ. ಪ್ಯಾಂಟಿಗಿರುವ ಹಾಗೆ ಇದಕ್ಕೂ ಅಳತೆಯಿದೆ. ಇಪ್ಪತ್ತೈದು, ಇಪ್ಪತ್ತೇಳು, ಹೀಗೆ. ಹೇಮಾಳಿಗೆ ಇಪ್ಪತ್ತೊಂಬತ್ತು ಬೇಕಾಗುತ್ತದೆ.

ಇದು ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. ಕೇರಳದಲ್ಲಿ ನಮ್ಮವರೇ ಒಂದನ್ನು ಮಾಡಿದ್ದಾರಂತೆ, ಇನ್ನೂ ಪರೀಕ್ಷೆಯಲ್ಲಿದೆ. ನಾವು ಅಮೆರಿಕಾದಿಂದ ತರಿಸಬೇಕು. ಮದರಾಸಿನ ಏಜೆಂಟ್ ತರಿಸಿಕೊಡುತ್ತಾನೆ. ಮೊದಲು ತಿಂಗಳಿಗೊಂದು ಪೆಟ್ಟಿಗೆ ಬರುತ್ತಿತ್ತು. ಕೊಲ್ಲಿಯಲ್ಲಿ ಗಲಾಟೆ ಶುರುವಾದ ಮೇಲೆ ಎಣ್ಣೆಗೇ ಡಾಲರ್ ಸಾಲದು ಎನ್ನುತ್ತಿದ್ದಾರೆ. ನವೆಂಬರಿನಲ್ಲಿ ಬರೆದ ಆರ್ಡರಿಗೆ ಇನ್ನೂ ಸರಕು ಬಂದಿಲ್ಲ.

ಪಟ್ಟಿಯಲ್ಲಿ ಹೇಮಾ ಹತ್ತನೆಯವಳು. ಒಂಬತ್ತನೆಯವರು ಸಿದ್ದಬಸಪ್ಪ. ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲಿ ಕುಳಿತು ಬುತ್ತಿ ಹಂಚಿಕೊಂಡರಲ್ಲ, ನೇಮಕಲ್ಲಿನವರು, ಕಾಲುವೆ ನೀರು ಬಿಡುವ ನೀರಗಂಟಿ. ಅವರಿಗೂ ಇದೇ ಅಳತೆ.

ನೀನು ಬರೆದ ಇನ್ನೊಂದು ಮಾತಿಗೆ ಎರಡು ಸಲ ಉತ್ತರ ಬರೆದು ಹರಿದೆ. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಮಾ ಮೂರು ಕಡೆ ಕುಳಿತಳು. ನಾನು ಹಿಂದೆಯೇ ಬರುತ್ತಿದ್ದೆ. ಅವಳು ತಿರುಗಿ ನೋಡಲಿಲ್ಲ.

ತಿಮ್ಮರಾಜು


ರಾಯದುರ್ಗ
5 ಮಾರ್ಚ್ 1991

ತಮ್ಮ ತಿಮ್ಮರಾಜು,

ನಿನ್ನ ಕಾಗದವನ್ನು ಹೇಮಾಳಿಗೂ ಓದಿ ಹೇಳಿದೆ. ಕೊನೆಯ ನಾಲ್ಕು ಸಾಲು ಬಿಟ್ಟು.

ಮಿಷಿನ್ ತುಳಿಯಬೇಡ ಎಂದರೆ ಕೇಳುವವಳಲ್ಲ. ಮನೆಯಲ್ಲಿ ಕೂರಿಸಿದರೆ ಗೋಡೆ ನೋಡುತ್ತ ಕೂರುತ್ತಾಳೆ. ಕೊನೆಗೆ ನಮ್ಮವರು ಶೆಡ್ಡಿನಲ್ಲಿ ಕುಳಿತು ಗುಂಡಿ ಹಚ್ಚುವ ಕೆಲಸ ಕೊಡಿಸಿದ್ದಾರೆ. ಈಗ ಶೆಡ್ಡಿನಲ್ಲೂ ಪರದಾಟವೇ. ಜಪಾನಿನ ಸೂಜಿ ಸಿಗುತ್ತಿಲ್ಲ. ಇಲ್ಲಿಯ ಸೂಜಿ ದಪ್ಪ ಬಟ್ಟೆಗೆ ತಾಳುವುದಿಲ್ಲ, ದಿನಕ್ಕೆ ನಾಲ್ಕು ಮುರಿಯುತ್ತವೆ. "ಹೊರಗಿನ ಮಾಲು ಬರವಲ್ದು, ಇದ್ದದ್ರಾಗ ಮಾಡ್ರಿ" ಎಂದು ಸಾಹುಕಾರರ ಕೂಗು. ನಾವು ಮುರಿದ ಸೂಜಿ ತೆಗೆದು ಬೇರೆ ಹಾಕುತ್ತೇವೆ. ನಿನ್ನ ಡಾಕ್ಟರು ಏನು ಮಾಡುತ್ತಾರೆ ಎಂದು ಯೋಚನೆ ಬರುತ್ತದೆ.

ಸಿದ್ದಬಸಪ್ಪನವರ ಹೆಂಡತಿ ಬೊಮ್ಮಕ್ಕ ಎರಡು ಸಲ ನಮ್ಮ ಮನೆಗೆ ಬಂದಿದ್ದಳು. ಕಾಲುವೆ ಗದ್ದೆಯ ಅಕ್ಕಿ ಒಂದು ಚೀಲ ತಂದುಕೊಟ್ಟಳು. ಬೇಡವೆಂದರೆ, "ಆಸ್ಪತ್ರಿ ಬೆಂಚಿನ ಮ್ಯಾಲ ಕುಂತವರು ಬೀಗರಿಗಿಂತ ಹತ್ರ ಅಲ್ರಿ?" ಎಂದು ನಕ್ಕಳು. ಅವಳಿಗೆ ಓದು ಬರುವುದಿಲ್ಲ. ಆಸ್ಪತ್ರೆಯಿಂದ ಕಾರ್ಡು ಬಂದರೆ ತಪ್ಪಿಹೋಗಬಾರದೆಂದು ನಮ್ಮ ವಿಳಾಸವನ್ನೇ ಕೊಟ್ಟಿದ್ದಾಳೆ. ಮಾವ ಜೋರಂತೆ. ಬೆಂಗಳೂರಿಗೇ ಯಾಕೆ ಒಯ್ಯಬೇಕು ಎಂದು ದಿನವೂ ರಗಳೆ ತೆಗೆಯುತ್ತಾನಂತೆ. ಗಂಡ ಈಗಲೂ ಕೋಲೂರಿಕೊಂಡು ಬೆಳಿಗ್ಗೆ ತೂಬಿನ ತನಕ ಹೋಗಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಂತು ನೋಡಿಯೇ ಬರುತ್ತಾರೆ.

ಹೇಮಾ ಮತ್ತು ಬೊಮ್ಮಕ್ಕ ಅಕ್ಕತಂಗಿಯರ ಹಾಗೆ ಆಗಿಬಿಟ್ಟಿದ್ದಾರೆ.

ಅಲ್ಲಿ ಏನಾದರೂ ಬಂತೇ? ಬಂದರೆ ಒಂದು ಸಾಲು ಹಾಕು.

ಆದಿಲಕ್ಷ್ಮಿ


ಬೆಂಗಳೂರು
19 ಏಪ್ರಿಲ್ 1991

ಅಕ್ಕನಿಗೆ,

ಬಂದಿಲ್ಲ.

ಏಜೆಂಟ್ ಖುದ್ದಾಗಿ ಬಂದಿದ್ದ. ಹೊರದೇಶದಿಂದ ಸರಕು ತರಿಸಬೇಕಾದರೆ ಈಗ ಬ್ಯಾಂಕಿನಲ್ಲಿ ಮುಂಚೆಯೇ ಭಾರಿ ಠೇವಣಿ ಇಡಬೇಕಂತೆ. ಜೀವ ಉಳಿಸುವ ಔಷಧಿಗೆ ವಿನಾಯಿತಿ ಇದೆಯಲ್ಲ ಎಂದು ಡಾಕ್ಟರು ಕೇಳಿದರು. "ಇದೆ ಸರ್. ಆದರೆ ವಾಲ್ವ್ ಔಷಧಿಯೋ ಯಂತ್ರವೋ ಅನ್ನೋದನ್ನ ಅವರು ಇನ್ನೂ ತೀರ್ಮಾನ ಮಾಡಿಲ್ಲ" ಎಂದ. ಡಾಕ್ಟರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಮೇ ತಿಂಗಳಲ್ಲಿ ಒಂದು ಪೆಟ್ಟಿಗೆಯನ್ನು ಹೇಗಾದರೂ ಬಿಡಿಸಿಕೊಡುತ್ತೇನೆ ಎಂದು ಹೇಳಿ ಅವನು ಹೋದ. ಡಾಕ್ಟರು ದೆಹಲಿಗೆ ಮೂರು ಕಾಗದ ಬರೆದಿದ್ದಾರೆ. ಮೂರನ್ನೂ ಟೈಪ್ ಮಾಡಿಸಿದವನು ನಾನೇ. ಒಂದಕ್ಕೆ ಉತ್ತರ ಬಂದಿದೆ: ನಿಮ್ಮ ಪತ್ರ ತಲುಪಿದೆ ಎಂದು.

ನನ್ನ ಬೀರುವಿನಲ್ಲಿ ಈಗ ಇರುವುದು ನಾಲ್ಕೇ ವಾಲ್ವ್. ಅದರ ಕೀಲಿ ನನ್ನ ಸೊಂಟದಲ್ಲೇ ಇರುತ್ತದೆ. ಪಟ್ಟಿಯಲ್ಲಿದ್ದ ಇಬ್ಬರು ಕಾಯುತ್ತಲೇ ಹೋಗಿಬಿಟ್ಟರು. ಒಬ್ಬಳು ಹೇಮಾಳ ವಯಸ್ಸಿನವಳು, ಕುಣಿಗಲ್ ಕಡೆಯವಳು. ಅವಳ ಅಣ್ಣ ಬಂದು, ಇನ್ನು ಪಟ್ಟಿಯಿಂದ ಹೆಸರು ಹೊಡೆದುಹಾಕಿ ಎಂದು ನನಗೇ ಹೇಳಿ ಹೋದ.

ಸಿದ್ದಬಸಪ್ಪನವರಿಗೆ ಮೇ ಆರಕ್ಕೆ ಬರಲು ಕಾರ್ಡು ಹೋಗಿದೆ. ಅವರ ಸ್ಥಿತಿ ಹೇಮಾಳದಕ್ಕಿಂತ ಕೆಟ್ಟಿದೆ ಎಂದು ಡಾಕ್ಟರ ಅಭಿಪ್ರಾಯ.

ಹೇಮಾ ಈಗ ಎಷ್ಟು ದೂರ ನಡೆಯುತ್ತಾಳೆ? ರಾತ್ರಿ ಮಲಗಲು ಎಷ್ಟು ದಿಂಬು ಬೇಕು? ಕಾಲು ಬಾತಿದೆಯೇ? ಮರೆಯದೆ ಬರೆ.

ತಿಮ್ಮರಾಜು


ರಾಯದುರ್ಗ
16 ಮೇ 1991

ತಮ್ಮ ತಿಮ್ಮರಾಜು,

ನಡೆಯುವುದು ಬಾವಿಯ ತನಕ. ಮೂರು ದಿಂಬು. ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟು.

ಸಿದ್ದಬಸಪ್ಪನವರು ಹೋದ ಹಾಗೇ ವಾಪಸ್ಸು ಬಂದಿದ್ದಾರೆ. ಹನ್ನೊಂದನೇ ತಾರೀಖು ಬಸ್ಸಿಳಿದು ಮುಂದೆ ಹೋಗಲಾಗದೆ ನಮ್ಮ ಮನೆಯಲ್ಲೇ ಎರಡು ದಿನ ಇದ್ದರು. ಮಂಚದ ಮೇಲೆ ಮಲಗಲಾಗದೆ ಕಂಬಕ್ಕೆ ಒರಗಿ ಕುಳಿತೇ ಇದ್ದರು. ಎಲ್ಲ ತಯಾರಿ ಮಾಡಿ, ಎದೆ ಬೋಳಿಸಿ, ಉಪವಾಸ ಇರಿಸಿ, ಬೆಳಿಗ್ಗೆ ನರ್ಸು ಬಂದು "ನಿಮ್ಮ ಅಳತೆಯದು ಇಲ್ಲವಂತೆ" ಎಂದಳಂತೆ.

ಬೊಮ್ಮಕ್ಕ ಅಡುಗೆಮನೆಯಲ್ಲಿ ನನಗೊಂದು ಮಾತು ಹೇಳಿದಳು. "ನಿಮ್ಮ ತಮ್ಮನವರನ್ನ ನೋಡಿದ್ವಿ ಅತ್ತಿಗಿ. ಕಾರಿಡಾರ್‍ನ್ಯಾಗ ಬರಾಕತ್ತಿದ್ರು. ನಮ್ಮನ್ನ ನೋಡಿ ತಿರುಗಿ ಹೋದ್ರು. ಪಾಪ, ಹ್ಯಾಂಗ ಹೇಳಬೇಕು ಅಂತ ಇರಬೇಕು." ಅವಳು ನಿನ್ನ ಪರವಾಗಿಯೇ ಮಾತಾಡಿದಳು. ನನಗೆ ಮಾತ್ರ ಹಿಡಿಸಲಿಲ್ಲ. ನಮ್ಮ ಮನೆಯ ಅನ್ನ ಉಂಡವರನ್ನು ನೋಡಿ ನೀನು ಯಾಕೆ ತಿರುಗಿ ಹೋದೆ?

ನಮ್ಮವರು ಸಿಟ್ಟಾಗಿ ಆಸ್ಪತ್ರೆಯನ್ನು ಬೈಯುತ್ತಿದ್ದರು. ಸಿದ್ದಬಸಪ್ಪನವರೇ ಅವರನ್ನು ಸುಮ್ಮನಿರಿಸಿದರು. "ಬೈಬ್ಯಾಡ್ರಿ ಓಬುಲೇಶಪ್ಪ. ನೀರಿನ ಸರದಿ ಇಪ್ಪತ್ತು ವರ್ಷ ನೋಡೇನಿ ನಾನು. ಮ್ಯಾಲಿನ ಡ್ಯಾಮಿನ್ಯಾಗ ಇಲ್ಲ ಅಂದ್ರ ಇಲ್ಲ. ತೂಬಿನವನ ಮ್ಯಾಲ ಯಾಕ ಸಿಟ್ಟು?" ಅಷ್ಟು ಹೇಳಲು ನಾಲ್ಕು ಸಲ ನಿಲ್ಲಿಸಿದರು.

ಏಜೆಂಟನ ಪೆಟ್ಟಿಗೆ ಏನಾಯಿತು? ಬರೆ.

ಆದಿಲಕ್ಷ್ಮಿ


ಬೆಂಗಳೂರು
4 ಜೂನ್ 1991

ಅಕ್ಕನಿಗೆ,

ಏಜೆಂಟನ ಪೆಟ್ಟಿಗೆ ಬರಲಿಲ್ಲ.

ಇಪ್ಪತ್ತೊಂಬತ್ತರ ಅಳತೆಯದೊಂದು ವಾಲ್ವ್ ದೊರಕಿದೆ. ಹೇಮಾಳನ್ನು ಜೂನ್ ಹದಿನೆಂಟಕ್ಕೆ ಕರೆತಾ. ತಡಮಾಡಬೇಡ. ಸಿದ್ದಬಸಪ್ಪನವರನ್ನು ನಮ್ಮ ಡಾಕ್ಟರು ಈಗ ಆಪರೇಷನ್ನಿಗೆ ತೆಗೆದುಕೊಳ್ಳುವುದಿಲ್ಲ, ಅವರಿಗೆ ಅದನ್ನು ತಾಳುವ ಶಕ್ತಿ ಉಳಿದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಬರೆದಿದ್ದಾರೆ. ಪಟ್ಟಿಯಲ್ಲಿ ಮುಂದಿನ ಹೆಸರು ಹೇಮಾಳದು.

ಬೇರೆ ವಿಷಯ ಎದುರಿಗೆ.

ತಿಮ್ಮರಾಜು


ರಾಯದುರ್ಗ
14 ಜೂನ್ 1991

ತಮ್ಮ ತಿಮ್ಮರಾಜು,

ನಿನ್ನ ಕಾಗದ ಬಂದ ದಿನವೇ ನೇಮಕಲ್ಲಿನಿಂದ ಆಳು ಬಂತು. ಸಿದ್ದಬಸಪ್ಪನವರು ತೀರಿಹೋದರು. ನಾವು ಮೂವರೂ ಹೋದೆವು. ಬೇಡವೆಂದರೂ ಹೇಮಾ ಕೇಳಲಿಲ್ಲ. ಆಟೋದಲ್ಲಿ ನನ್ನ ಹೆಗಲಿಗೆ ಒರಗಿಕೊಂಡೇ ಬಂದಳು. ಬೊಮ್ಮಕ್ಕನ ಮಾವ ಎಲ್ಲರ ಎದುರಿಗೆ, "ಇಕೀ ಕರಕೊಂಡು ಬಂದು ಕೊಂದ್ಲು. ಅಲ್ಲೇ ಬಾಗ್ಲಾಗ ಕುಂತಿದ್ರ ಕೊಡ್ತಿದ್ರು" ಎಂದು ಕೂಗಾಡುತ್ತಿದ್ದ.

ಮನೆಗೆ ಬಂದ ಮೇಲೆ ನಿನ್ನ ಕಾಗದ ಓದಿ ಹೇಳಿದೆ. ಹೇಮಾ ಹೋಗುವುದಿಲ್ಲ ಎಂದು ಹಟ ಹಿಡಿದಳು. "ಅವರ ಸರದಿ ಅದು. ಅವರು ಹೋದ ದಿನಾನ ನನಗ ಬಂತಂದ್ರ ನಾ ಹ್ಯಾಂಗ ತಗೊಳ್ಳಲಿ?" ಎಂದಳು. ಅತ್ತೆ ಅತ್ತರು, ನಮ್ಮವರು ಗದರಿದರು. ಏನೂ ನಡೆಯಲಿಲ್ಲ. ಒಂಬತ್ತನೆಯ ದಿನ ಬೊಮ್ಮಕ್ಕನೇ ಬಂದಳು, ಯಾರು ಹೇಳಿದರೋ. ಹೇಮಾಳ ಕೈ ಹಿಡಿದು, "ಹೋಗವ್ವ. ನನ್ನ ಗಂಡಗ ಸಿಗಲಿಲ್ಲ ಅಂತ ನೀನೂ ಸತ್ರ ನನಗೇನು ಬಂತು? ಹೋಗಿ ಬದುಕಿ ಬಾ" ಎಂದಳು.

ಹದಿನೇಳಕ್ಕೆ ಹೊರಡುತ್ತೇವೆ.

ಆದಿಲಕ್ಷ್ಮಿ


ರಾಯದುರ್ಗ
20 ಆಗಸ್ಟ್ 1991

ತಿಮ್ಮರಾಜು,

ಹೇಮಾ ಈಗ ಓಣಿಯ ತುದಿಯ ತನಕ ನಿಲ್ಲದೆ ನಡೆಯುತ್ತಾಳೆ. ತುಟಿಗೆ ಬಣ್ಣ ಬಂದಿದೆ. ಒಂದೇ ದಿಂಬು. ಅತ್ತೆ ದಿನಕ್ಕೆರಡು ಸಲ ನಿನ್ನ ಹೆಸರು ಹೇಳಿ ದೀಪಕ್ಕೆ ಕೈ ಮುಗಿಯುತ್ತಾರೆ.

ಬೊಮ್ಮಕ್ಕ ಈಗ ರಾಯದುರ್ಗದಲ್ಲೇ ಇದ್ದಾಳೆ. ಮಾವನ ಮಾತು ತಾಳಲಾರದೆ ಬಂದಳು. ಮಕ್ಕಳು ಅಲ್ಲೇ ಇದ್ದಾರೆ, ಆತ ಬಿಡಲಿಲ್ಲ. ನಮ್ಮವರು ಶೆಡ್ಡಿನಲ್ಲಿ ದಾರ ಕತ್ತರಿಸುವ ಕೆಲಸ ಕೊಡಿಸಿದರು. ಮೊನ್ನೆ ಅವಳು ಕೇಳಿದಳು, "ಅತ್ತಿಗಿ, ಜೂನಿನ್ಯಾಗ ಮಾಲು ಬಂದಿತ್ತೇನ್ರಿ ಹಂಗಾದ್ರ? ಒಂದು ತಿಂಗಳು ಮೊದ್ಲ ಬಂದಿದ್ರ..." ಅಷ್ಟೇ ಕೇಳಿದಳು. ಸುಮ್ಮನೆ ಕೇಳಿದ್ದು.

ನನಗೆ ಆಗ ನೆನಪಾಯಿತು. ಆಸ್ಪತ್ರೆಯಲ್ಲಿದ್ದಾಗ ನರ್ಸ್ ನಾಗಮಣಿ, ನಮ್ಮ ಮಡಕಶಿರಾ ಕಡೆಯ ಹುಡುಗಿ, ಹೇಮಾಳ ಗಾಯದ ಪಟ್ಟಿ ಬದಲಿಸುತ್ತ ಹೇಳಿದ್ದಳು: "ನಿಮ್ ಅದೃಷ್ಟ ಕಣಕ್ಕ. ಈ ವರ್ಷ ಒಂದು ವಾಲ್ವೂ ಬಂದಿಲ್ಲ ನಮ್ ಆಸ್ಪತ್ರೆಗೆ." ಆಗ ಸಂತೋಷದಲ್ಲಿದ್ದೆ, ತಲೆಗೆ ಹೋಗಲಿಲ್ಲ.

ನೀನು ಆ ಮೂರು ವಾರವೂ ಸಂಜೆ ಬಂದು ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಳಗೆ ಬರಲಿಲ್ಲ. ಹಳೆಯ ಮಾತಿಗೆ ನಾಚಿಕೆ ಎಂದುಕೊಂಡೆ.

ಈ ವರ್ಷ ಏನೂ ಬಂದಿಲ್ಲ, ಮೇ ತಿಂಗಳಲ್ಲಿ ಇರಲಿಲ್ಲ, ಜೂನಿನಲ್ಲಿ ಇತ್ತು. ಅದು ಎಲ್ಲಿಂದ ಬಂತು? ನಾನು ಏಳನೇ ಕ್ಲಾಸು ಓದಿದವಳು. ನನಗೆ ತಿಳಿಯುವ ಹಾಗೆ ಬರೆ.

ಆದಿಲಕ್ಷ್ಮಿ


ಬೆಂಗಳೂರು
3 ಸೆಪ್ಟೆಂಬರ್ 1991

ಅಕ್ಕ,

ಎಲ್ಲಿಂದಲೂ ಬರಲಿಲ್ಲ. ಮೊದಲಿನಿಂದಲೂ ನನ್ನ ಬೀರುವಿನಲ್ಲೇ ಇತ್ತು.

ಮೇ ಏಳರ ಬೆಳಿಗ್ಗೆ ಸಿದ್ದಬಸಪ್ಪನವರ ಹೆಸರಿನ ಚೀಟಿ ನನ್ನ ಮೇಜಿಗೆ ಬಂತು. ಬೀರು ತೆಗೆದೆ. ಇಪ್ಪತ್ತೊಂಬತ್ತರದು ಉಳಿದಿದ್ದು ಒಂದೇ. ಅದು ಹೋದರೆ ಹೇಮಾಳಿಗೆ ಇಲ್ಲ. ಕುಣಿಗಲ್ಲಿನ ಹುಡುಗಿಯ ಅಣ್ಣ ನನ್ನ ಮೇಜಿನ ಎದುರು ನಿಂತಿದ್ದು ಕಣ್ಣಿಗೆ ಬಂತು. ರಿಜಿಸ್ಟರಿನಲ್ಲಿ ಬರೆದೆ: ಸೀಲು ಸಡಿಲ, ಬಳಸುವಂತಿಲ್ಲ, ವಾಪಸ್ಸಿಗೆ. ಬರೆದು ಡಬ್ಬಿಯನ್ನು ಕೆಳಗಿನ ಖಾನೆಗೆ ಹಾಕಿದೆ. ಡಾಕ್ಟರು ಫೋನಿನಲ್ಲಿ "ಖಾತ್ರಿಯಾಗಿ ನೋಡಿದ್ರಾ ತಿಮ್ಮರಾಜು?" ಎಂದರು. "ನೋಡಿದೆ ಸರ್" ಎಂದೆ. ಏಳು ವರ್ಷದಲ್ಲಿ ನಾನು ಒಂದು ಸುಳ್ಳೂ ಹೇಳಿರಲಿಲ್ಲ, ಅದಕ್ಕೇ ಅವರು ಕೆಳಗಿಳಿದು ಬಂದು ನೋಡಲಿಲ್ಲ.

ಮೇ ಮುಗಿಯುವುದರೊಳಗೆ ಏಜೆಂಟನ ಪೆಟ್ಟಿಗೆ ಬರುತ್ತದೆ, ಬಂದ ಕೂಡಲೇ ಮೊದಲನೆಯದನ್ನು ಸಿದ್ದಬಸಪ್ಪನವರಿಗೇ ಕೊಡಿಸುತ್ತೇನೆ ಎಂದುಕೊಂಡಿದ್ದೆ. ನಿಜವಾಗಿ ಹಾಗೆ ನಂಬಿದ್ದೆನೋ, ನನ್ನನ್ನೇ ನಂಬಿಸಿಕೊಂಡೆನೋ, ಈಗ ಹೇಳಲಾರೆ. ದಿನಾ ಮದರಾಸಿಗೆ ಟ್ರಂಕ್ ಕಾಲ್ ಮಾಡುತ್ತಿದ್ದೆ. ಜೂನ್ ಒಂದಕ್ಕೆ ಅವನು ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದ. ಎರಡಕ್ಕೆ ರಿಜಿಸ್ಟರಿನಲ್ಲಿ ಮತ್ತೆ ಬರೆದೆ: ಪುನಃ ಪರೀಕ್ಷಿಸಲಾಗಿದೆ, ಸೀಲು ಸರಿಯಿದೆ.

ಆಮೇಲೆ ರೂಪಾಯಿಯ ಬೆಲೆ ಇಳಿಸಿದರು. ದೇಶದ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟರು ಎಂದು ಪೇಪರಿನಲ್ಲಿ ಬಂತು. ಅದನ್ನು ಓದುವಾಗ, ಎಲ್ಲರೂ ಸೇರಿ ಮಾಡಿದ್ದರಲ್ಲಿ ನನ್ನದು ಎಷ್ಟರದು ಎಂದು ಒಂದು ಗಳಿಗೆ ಹಗುರಾಯಿತು. ಮರುಗಳಿಗೆ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಬೊಮ್ಮಕ್ಕ ಕಂಡಳು. ಡಾಲರ್ ಇಲ್ಲವೆಂದು ಬಾರದೆ ಹೋದದ್ದು ಬೇರೆ. ಇದು ಬಂದಿತ್ತು, ಅಕ್ಕ. ಬಂದು ಅವರಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು.

ಅಪ್ಪನ ಪಕ್ಕದಲ್ಲಿ ನಿಂತು ಬಾಯಿ ಬಿಡದೆ ಇದ್ದೆ ಎಂದು ನೀನು ಬರೆದಿದ್ದೆ. ಅದನ್ನು ಸರಿಮಾಡಬೇಕು ಎಂದಿತ್ತು. ಹೀಗೆ ಮಾಡಿದೆ.

ಹೇಮಾಳಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ತಿಮ್ಮರಾಜು


ರಾಯದುರ್ಗ
15 ಅಕ್ಟೋಬರ್ 1991

ತಿಮ್ಮರಾಜು,

ಒಂದು ತಿಂಗಳು ನಿನ್ನ ಕಾಗದವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ನನಗೆ ಬಿಟ್ಟದ್ದು ಎಂದು ಬರೆದೆಯಲ್ಲ, ಬಹಳ ಸುಲಭವಾಗಿ ಬರೆದೆ. ಶೆಡ್ಡಿನಲ್ಲಿ ಹೇಮಾಳ ಪಕ್ಕಕ್ಕೇ ಬೊಮ್ಮಕ್ಕ ಕೂರುತ್ತಾಳೆ. ತನ್ನ ಬುತ್ತಿಯಿಂದ ಒಂದು ತುತ್ತು ಅವಳಿಗಿಡದೆ ಉಣ್ಣುವುದಿಲ್ಲ. ನೋಡಲಾಗಲಿಲ್ಲ ನನ್ನಿಂದ. ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಹೇಮಾಳ ಕೈಗೆ ಕಾಗದ ಕೊಟ್ಟೆ.

ಎರಡು ಸಲ ಓದಿದಳು. ಅಳಲಿಲ್ಲ. "ಮದುವಿ ಬ್ಯಾಡ ಅಂದಾಗ ನನ್ನ ಕೇಳ್ಲಿಲ್ಲ ಅತ್ತಿಗಿ. ಉಳಸಬೇಕಂದಾಗನೂ ನನ್ನ ಕೇಳ್ಲಿಲ್ಲ" ಎಂದಳು. ಬೊಮ್ಮಕ್ಕನಿಗೆ ನಾನು ಹೇಳುತ್ತೇನೆ ಎಂದೆ. "ಬ್ಯಾಡ್ರಿ. ನನ್ನ ಎದಿಯಾಗ ಐತಿ, ನಾನ ಹೇಳ್ತೀನಿ" ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನಲ್ಲಿ ನಾವು ಮೂವರೇ ಇದ್ದೆವು. ಬೊಮ್ಮಕ್ಕ ಒಂದು ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು. ಹೇಮಾ ಎದುರಿಗೆ ಕುಳಿತು ನೇರವಾಗಿ ಹೇಳಿದಳು: "ಬೊಮ್ಮಕ್ಕ, ನನ್ನ ಎದಿಯಾಗ ಹೊಲದಿರೋದು ನಿನ್ನ ಗಂಡಂದು."

ಬೊಮ್ಮಕ್ಕ ಮೊದಲು ನಕ್ಕಳು. ಏನೋ ಪ್ರೀತಿಗೆ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಹೇಮಾ ಪೂರ್ತಿ ಹೇಳಿದಳು. ಬೊಮ್ಮಕ್ಕನ ಕತ್ತರಿ ನಿಲ್ಲಲಿಲ್ಲ. ಆ ಪ್ಯಾಂಟು ಮುಗಿಸಿ, ಮಡಿಸಿ, ರಾಶಿಯ ಮೇಲಿಟ್ಟು ಆಮೇಲೆ ಕೇಳಿದಳು.

"ನಾವು ಬೆಂಚಿನ ಮ್ಯಾಲ ಕುಂತಿದ್ವಲ್ಲ, ಆಗ ಡಬ್ಬಿ ಒಳಗ ಇತ್ತೇನು?"

"ಇತ್ತು" ಎಂದೆ ನಾನು.

"ನಿಮಗ ಯಾವಾಗ ಗೊತ್ತಾತು?"

"ಒಂದು ತಿಂಗ್ಳಾಯ್ತು."

ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲಾರೆ. ಆಮೇಲೆ ಹೇಮಾಳ ಕಡೆ ತಿರುಗಿ, "ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ ಹೇಳಬೇಕು ಅಂತೀನಿ. ಬಾಯಿ ಬರವಲ್ದು. ಐತೋ ಇಲ್ಲೋ ನನಗ ಗೊತ್ತಾಗವಲ್ದು" ಎಂದಳು. ಹೇಮಾ ಅವಳ ಕಾಲಿಗೆ ಬೀಳಲು ಹೋದಳು. ಬೊಮ್ಮಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು.

ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಐದನೆಯ ದಿನ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಕರೆದರೆ ಬರಲಿಲ್ಲ. ನಿನಗೆ ಒಂದು ಮಾತು ಬರೆಯಲು ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ:

"ನಮ್ಮ ಮಾವ ಇವತ್ತಿಗೂ ನಾನ ಕೊಂದೆ ಅಂತಾನ. ನನ್ನ ಮಕ್ಳಿಗೂ ಹಂಗ ಹೇಳ್ಯಾನ. ಕಾಗದದಾಗ ಬರದ್ರ ಆತ ನಂಬಂಗಿಲ್ಲ, ಓದಾಕೂ ಬರಂಗಿಲ್ಲ. ನಿಮ್ಮ ತಮ್ಮ ನೇಮಕಲ್ಲಿಗೆ ಬಂದು ಆತನ ಎದುರಿಗೆ ಬಾಯ್ಲೆ ಹೇಳ್ಲಿ. ಮತ್ತೇನೂ ಬ್ಯಾಡ. ರೊಕ್ಕ ಬ್ಯಾಡ, ಕೈ ಮುಗಿಯೋದು ಬ್ಯಾಡ."

ನಿನಗೆ ಏನಾದರೂ ಬರೆಯಬೇಕೇ ಎಂದು ಹೇಮಾಳನ್ನು ಕೇಳಿದೆ. ಇಲ್ಲ ಎಂದಳು.

ಆದಿಲಕ್ಷ್ಮಿ


ಮಡಕಶಿರಾ
25 ನವೆಂಬರ್ 1991

ಅಕ್ಕ,

ನೇಮಕಲ್ಲಿಗೆ ಹೋಗಿಬಂದೆ. ಈಗ ಅಪ್ಪನ ಮನೆಯಲ್ಲಿದ್ದೇನೆ.

ಅದಕ್ಕೆ ಮೊದಲು ಡಾಕ್ಟರಿಗೆ ಹೇಳಿದೆ. ರಿಜಿಸ್ಟರ್ ತೆರೆದು ಎರಡು ತಾರೀಖನ್ನೂ ತೋರಿಸಿದೆ. ಅವರು ಎರಡನ್ನೂ ಓದಿದರು. "ಈ ವರ್ಷ ವಾಲ್ವ್ ಇಲ್ಲದೆ ಏಳು ಜನ ಹೋದರು ತಿಮ್ಮರಾಜು. ಆರು ಜನರ ಸಾವಿಗೆ ಯಾರ ಮೇಲೆ ದೂರು ಕೊಡಲಿ, ಯಾವ ಆಫೀಸಿಗೆ ಕೊಡಲಿ ಅಂತ ನನಗೆ ಗೊತ್ತಿಲ್ಲ. ಏಳನೆಯದಕ್ಕೆ ಮಾತ್ರ ಒಂದು ಹೆಸರು ಸಿಕ್ಕಿತು" ಎಂದರು. ನನ್ನ ಕೈಯಿಂದ ಕೀಲಿ ತೆಗೆದುಕೊಂಡರು. ಆಸ್ಪತ್ರೆಯ ಟ್ರಸ್ಟಿನವರು ವಿಷಯ ಹೊರಗೆ ಹೋಗುವುದು ಬೇಡವೆಂದು ನನ್ನಿಂದ ರಾಜೀನಾಮೆ ಬರೆಸಿಕೊಂಡರು. ಪೊಲೀಸಿಗೆ ಹೇಳಲಿಲ್ಲ. ನಾನೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಇದನ್ನೂ ಬರೆದುಬಿಡುತ್ತೇನೆ, ನಿನ್ನಿಂದ ಮುಚ್ಚಿಡುವುದು ಇನ್ನು ಸಾಕು. ನಾನು ಹೊರಬಿದ್ದ ಎಂಟನೆಯ ದಿನ ಮದರಾಸಿನಿಂದ ಪೆಟ್ಟಿಗೆ ಬಂತು ಎಂದು ನಾಗಮಣಿ ತಿಳಿಸಿದಳು. ಎಲ್ಲ ಅಳತೆಯವೂ ಇದ್ದವಂತೆ.

ಶನಿವಾರ ಬಳ್ಳಾರಿಯ ಮೇಲಿಂದ ನೇಮಕಲ್ಲಿಗೆ ಹೋದೆ. ಆಂಜನೇಯನ ಗುಡಿಗೆ ಬಂದ ಜನರಿಂದ ಬಸ್ಸು ತುಂಬಿತ್ತು. ಬೊಮ್ಮಕ್ಕ ರಾಯದುರ್ಗದಿಂದ ಬಂದು ಮನೆಯ ಬಾಗಿಲಲ್ಲೇ ನಿಂತಿದ್ದಳು, ನೀನು ತಿಳಿಸಿದ್ದೆಯಂತೆ. ನೀರು ಕೊಡಲಿಲ್ಲ. ಅಂಗಳದಲ್ಲಿ ಬೇವಿನ ಮರದ ಕೆಳಗೆ ಮುದುಕ ಕುಳಿತಿದ್ದ. ಇಬ್ಬರು ಮಕ್ಕಳು ಅವನ ಮಗ್ಗುಲಲ್ಲಿ ಇದ್ದರು.

"ಯಾರವ್ವ ಈತ?"

"ದವಾಖಾನಿಯವರು. ನಿಮಗೇನೋ ಹೇಳಬೇಕಂತ ಬಂದಾರ."

ನಾನು ಎದುರಿಗೆ ನೆಲದ ಮೇಲೆ ಕುಳಿತು ಹೇಳಿದೆ. ಬಸ್ಸಿನಲ್ಲಿ ಬರುವಾಗ ಒಂದೊಂದು ಮಾತನ್ನೂ ಜೋಡಿಸಿಕೊಂಡಿದ್ದೆ, ಮೆಲ್ಲಗೆ, ತಪ್ಪಿಲ್ಲದಂತೆ ಹೇಳಿದೆ. ಮುದುಕ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮುಗಿದ ಮೇಲೆ ಸೊಸೆಯ ಕಡೆ ತಿರುಗಿ, "ಏನಂತಾನ?" ಎಂದ.

"ಕಿವಿ ಮಂದ ಆಗ್ಯಾವ" ಎಂದಳು ಬೊಮ್ಮಕ್ಕ. "ಜೋರಾಗಿ ಹೇಳ್ರಿ."

ಜೋರಾಗಿ ಹೇಳಿದೆ. ಅರ್ಧಕ್ಕೆ ಅವನು ಕೈಯನ್ನು ಕಿವಿಗೆ ಹಿಡಿದು, ಇನ್ನೂ ಜೋರು ಎಂದ. ಕೂಗಿದೆ ಅಕ್ಕ. ನಿಮ್ಮ ಮಗನಿಗೆ ಬೇಕಾದ ವಾಲ್ವ್ ಇತ್ತು, ನಾನು ಮುಚ್ಚಿಟ್ಟೆ, ಇಲ್ಲವೆಂದು ಸುಳ್ಳು ಬರೆದೆ, ನಮ್ಮ ಕಡೆಯ ಹುಡುಗಿಗೆ ಕೊಟ್ಟೆ, ನಿಮ್ಮ ಸೊಸೆಯದು ಏನೂ ತಪ್ಪಿಲ್ಲ ಎಂದು ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದರು. ಗುಡಿಗೆ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಂತರು. ದೊಡ್ಡ ಮಗು ತಾಯಿಯ ಮುಖ ನೋಡಿತು.

ಯಾರೂ ನನ್ನ ಮೈಮೇಲೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು. ಮುದುಕ ಕೇಳಿದ.

"ಸಾಯಾ ಮುಂದ ನನ್ನ ಮಗಗ ಇದು ಗೊತ್ತಿತ್ತೇನು?"

ಇಲ್ಲ ಎಂದು ತಲೆಯಾಡಿಸಿದೆ.

"ಚಲೋ ಆತು" ಎಂದ.

ಬೊಮ್ಮಕ್ಕ ಬಂದು ಸಣ್ಣ ಮಗುವನ್ನು ಮಾವನ ಮಗ್ಗುಲಿನಿಂದ ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ಆತ ತಡೆಯಲಿಲ್ಲ. ದೊಡ್ಡದು ತಾನಾಗಿಯೇ ಎದ್ದು ಅವಳ ಸೆರಗು ಹಿಡಿಯಿತು. ಅವಳು ನನ್ನ ಕಡೆ ನೋಡದೆಯೇ ಹೇಳಿದಳು:

"ಕೇಳ್ಯಾರ. ಇನ್ನ ಹೋಗ್ರಿ."

ತಿಮ್ಮರಾಜು